ನಾಶಪಡಿಸುವ ಮೊದಲು ಆ ಹಳೆಯ ಕಡತಗಳ ಕಟ್ಟುಗಳನ್ನು ಒಮ್ಮೆ ಬಿಚ್ಚಿಸಿ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ವರ್ಷಗಟ್ಟಲೆ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ಎರಡು ರೌಡಿ ಗುಂಪುಗಳ ಹಳೆಯ ಹಗೆಯಲ್ಲಿ ನಡೆದ ಕೊಲೆಯೊಂದರ ಕಡತ, ಅವಧಿ ಮುಗಿದವುಗಳ ಪಟ್ಟಿಗೆ ಸೇರಿ ನನ್ನ ಕಾಲದಲ್ಲೇ ನಾಶವಾಯಿತು. ಆ ಪಟ್ಟಿ ಬರೆದ ಕೈ ನನ್ನದೇ ಆದ್ದರಿಂದ ಈ ಪತ್ರ.

ಮಳೆಗಾಲದ ಥಂಡಿಗೆ ಆ ಕಡತದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದಾಗ ಸ್ಥಳ ಮಹಜರಿನಲ್ಲಿ ಮಚ್ಚು ಮತ್ತು ರಕ್ತ ಮೆತ್ತಿದ ಮಣ್ಣಿನ ಜೊತೆಗೆ ಎಡಗಾಲಿನ ಹವಾಯಿ ಚಪ್ಪಲಿಯೊಂದು, ಅಡಿಕೆ ಸುಲಿಯುವ ಮೆಟ್ಟುಗತ್ತಿಯೊಂದು ನಮೂದಾಗಿದ್ದವು. ಚಪ್ಪಲಿಯೂ ಕತ್ತಿಯೂ ಸುಲಿಯುವ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹೆಂಗಸೊಬ್ಬಳವು. ಆಕೆ ಕಂಡದ್ದನ್ನು ಕಂಡಂತೆ ಹೇಳಿದಳು, ಪಾಟೀಸವಾಲಿಗೂ ಕದಲಲಿಲ್ಲ. ಆಕೆಯ ನಂತರ ಬಂದ ಸಾಕ್ಷಿಗಳೆಲ್ಲ ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ಇಂದು ಚಹಾದಂಗಡಿಯಲ್ಲಿ ಆ ಕೊಲೆಯ ಮಾತೆತ್ತಿದರೆ ಯಾರು ಮೊದಲು ಬೀಸಿದ, ಯಾವ ಬೈಕಿನಲ್ಲಿ ಪರಾರಿಯಾದ ಎಂಬುದೆಲ್ಲ ಬಣ್ಣ ಕಟ್ಟಿಕೊಂಡು ಬರುತ್ತದೆ. ಆ ಹೆಂಗಸು ಮಾತ್ರ ಕತೆಯಲ್ಲಿ ಎಲ್ಲಿಯೂ ಇಲ್ಲ.

ರಾಜಧಾನಿ ಬೆಂಗಳೂರಿನ ಕತೆಯೂ ಬೇರೆಯಲ್ಲ. ಅಲ್ಲಿನ ಭೂಗತ ಲೋಕದ ರೌಡಿಗಳಾದ ಕೊತ್ವಾಲ ರಾಮಚಂದ್ರ 1986ರಲ್ಲಿ, ಎಂ.ಪಿ. ಜಯರಾಜ್ 1989ರಲ್ಲಿ ಕೊಲೆಯಾದ ಬಗೆಯನ್ನು ನಮ್ಮೂರಿನ ಹುಡುಗರೂ ಬಾಯಿಪಾಠ ಒಪ್ಪಿಸುತ್ತಾರೆ. ಜಯರಾಜ್ ಜೊತೆಗೆ ಅದೇ ದಾಳಿಯಲ್ಲಿ ಸತ್ತ ವಕೀಲರ ಹೆಸರು ಕೇಳಿ ನೋಡಿ, ಹೇಳುವವರು ಸಿಕ್ಕುವುದಿಲ್ಲ.

ಶಿಕಾರಿಪುರ ತಾಲ್ಲೂಕಿನ ಈಸೂರನ್ನು ಇಲ್ಲಿ ನೆನೆಯುವುದಕ್ಕೆ ಹಿಂಜರಿಕೆಯಿದೆ, ಏಕೆಂದರೆ ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರನ್ನು ರೌಡಿಗಳ ಪಕ್ಕದಲ್ಲಿ ನಿಲ್ಲಿಸುವ ಉದ್ದೇಶ ನನಗೆ ಖಂಡಿತ ಇಲ್ಲ. ಆದರೆ 1942ರ ಸೆಪ್ಟೆಂಬರಿನಲ್ಲಿ ಅಲ್ಲಿ ಅಮಲ್ದಾರರೂ (ಈಗಿನ ತಹಶೀಲ್ದಾರರು) ಸಬ್ ಇನ್ಸ್‌ಪೆಕ್ಟರರೂ ಸತ್ತಾಗ ಅಂದಿನ ಮೈಸೂರು ಸರ್ಕಾರದ ಪಾಲಿಗೆ ಅದೊಂದು ಕೊಲೆ ಮೊಕದ್ದಮೆಯಾಗಿತ್ತು. 1943ರ ಮಾರ್ಚಿನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಐವರು ಗಲ್ಲಿಗೇರಿದರು. ಒಂದು ಕಾಲದ ಕೊಲೆ ಕಡತವನ್ನು ಇನ್ನೊಂದು ಕಾಲ ಬೇರೆ ಕಣ್ಣಿನಿಂದ ಓದಬಹುದು, ಓದಲು ಕಡತ ಉಳಿದಿರಬೇಕಷ್ಟೆ.

ನ್ಯಾಯಾಲಯದ ಕಡತಗಳು ಹೈಕೋರ್ಟಿನ ಅಧೀನ, ಅಲ್ಲಿ ತಮ್ಮ ಆದೇಶ ನಡೆಯದು ಎಂಬುದನ್ನು ಬಲ್ಲೆ. ಪೊಲೀಸ್ ಠಾಣೆಗಳ ಹಳೆಯ ಕೇಸ್ ಡೈರಿ, ಮಹಜರು, ರೌಡಿ ಶೀಟುಗಳು ಸರ್ಕಾರದವು. ಜಿಲ್ಲೆಯ ಠಾಣೆಗಳಲ್ಲಿ ಇನ್ನೂ ಏನು ಉಳಿದಿದೆ ಎಂಬುದರ ಪಟ್ಟಿ ಮಾಡಿಸಿ, ಗುಂಪು ಕೊಲೆಗಳ ಕಡತಗಳನ್ನು ಪತ್ರಾಗಾರ ಇಲಾಖೆಗೆ ಕಳುಹಿಸುವವರೆಗೆ ಯಾವುದನ್ನೂ ನಾಶಪಡಿಸದಂತೆ ಸೂಚಿಸಿ. ನ್ಯಾಯಾಲಯದವುಗಳಿಗಾಗಿ ಹೈಕೋರ್ಟಿಗೆ ಸರ್ಕಾರದಿಂದ ಒಂದು ಕೋರಿಕೆ ಹೋಗಲಿ. ಸಾಕ್ಷಿಗಳ ಹೆಸರು, ವಿಳಾಸಗಳನ್ನು ಅವರ ಜೀವಿತಾವಧಿಯಲ್ಲಿ ಹೊರಗೆಡವಬಾರದು.

ಈ ಕೆಲಸ ಮಳೆ ಹಿಡಿಯುವ ಮೊದಲು ಆಗಬೇಕು. ಅಂದಿನ ಠಾಣಾ ರೈಟರುಗಳ ಕೈಬರಹ ಈಗಿನವರಿಗೆ ಓದಲು ಬಾರದಿದ್ದರೆ ಹೇಳಿಕಳುಹಿಸಿ, ಕನ್ನಡಕ ಹಿಡಿದು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತ, ಶಿವಮೊಗ್ಗ