ಆರು ವರ್ಷ ಐದು ತಿಂಗಳ ಲೆಕ್ಕ

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಬಂದ ಸಲಹೆ ಓದಿದೆ. ನಡುವೆ ಕೆಲಸ ಬಿಟ್ಟಿದ್ದರೆ ರೆಸ್ಯೂಮೆಯಲ್ಲಿ ತಿಂಗಳು ಬರೆಯಬೇಡಿ, ಬರೀ ವರ್ಷ ಹಾಕಿ, ಗ್ಯಾಪ್ ಎದ್ದು ಕಾಣುವುದಿಲ್ಲ ಅಂತ ಅದರಲ್ಲಿತ್ತು. ಆರು ತಿಂಗಳ ತೂತಾದರೆ ಹಾಗೆ ಮುಚ್ಚಬಹುದೇನೋ. ನನ್ನದು ಆರು ವರ್ಷ ಐದು ತಿಂಗಳು. ಅದಕ್ಕೆ ಎಷ್ಟು ದೊಡ್ಡ ತೇಪೆ ಹಾಕಲಿ? ಮುಚ್ಚಲು ಹೋಗಿ ಕೈಸುಟ್ಟುಕೊಂಡವನು ನಾನು. ಅದಕ್ಕೇ ಈ ಪತ್ರ.

ನಾನು ದಾವಣಗೆರೆಯವನು. ಓದಿದ್ದು ಬಿ.ಕಾಂ. 2009ರಿಂದ ಹರಿಹರದ ಒಂದು ಕಂಪನಿಯಲ್ಲಿ ಅಕೌಂಟೆಂಟ್ ಆಗಿದ್ದೆ. 2017ರ ಜನವರಿಯಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ನಿಂತಿತು. ನನ್ನ ಹೆಂಡತಿ ಅನುದಾನಿತ ಶಾಲೆಯಲ್ಲಿ ಟೀಚರ್. ಆ ಕೆಲಸ ಒಮ್ಮೆ ಬಿಟ್ಟರೆ ಮತ್ತೆ ಸಿಗುವಂಥದ್ದಲ್ಲ. ಅವಳ ಸಂಬಳವೂ ನನ್ನದಕ್ಕಿಂತ ಜಾಸ್ತಿ. ಒಂದು ರಾತ್ರಿ ಇಬ್ಬರೂ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಹೊರಗೆ ಜನ ಇಟ್ಟುಕೊಂಡರೆ ನನ್ನ ಸಂಬಳ ಹೆಚ್ಚೂಕಡಿಮೆ ಅವರಿಗೇ ಸರಿಹೋಗುತ್ತಿತ್ತು. ಫೆಬ್ರುವರಿ ಕೊನೆಗೆ ನಾನು ಕೆಲಸ ಬಿಟ್ಟೆ.

ಆಮೇಲಿನ ವರ್ಷಗಳನ್ನು ಜನ 'ಮನೇಲಿ ಕೂತಿದ್ದು' ಅನ್ನುತ್ತಾರೆ. ಕೂರಲು ಸಿಕ್ಕಿದ್ದೇ ಕಡಿಮೆ. ಮಲಗಿದಲ್ಲೇ ಇರುವವರಿಗೆ ಬೆನ್ನಲ್ಲಿ ಹುಣ್ಣಾಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಅಷ್ಟೇ. ಮೊದಲ ವರ್ಷ ಮೂಗಿನ ನಳಿಕೆಯಲ್ಲಿ ಗಂಜಿ ಬಿಡುತ್ತಿದ್ದೆ. ಎಷ್ಟು ಹೊತ್ತಿಗೆ ಎಷ್ಟು ಗಂಜಿ, ಯಾವ ಮಾತ್ರೆ, ಬಿಪಿ ಎಷ್ಟು ಎಲ್ಲವನ್ನೂ ಒಂದು ಲೆಡ್ಜರಿನಲ್ಲಿ ಬರೆದಿಡುತ್ತಿದ್ದೆ. ಅಭ್ಯಾಸಬಲ! ಆ ಪುಸ್ತಕ ಈಗಲೂ ಬೀರುವಿನಲ್ಲಿದೆ.

ನನ್ನ ವೃತ್ತಿಯ ಕಡೆ ಇನ್ನೊಂದು ಎಡವಟ್ಟಾಯಿತು. ನಾನು ಬಿಡುವಾಗ ವ್ಯಾಟ್ ಎಂಬ ಮಾರಾಟ ತೆರಿಗೆ ಇತ್ತು. ತಿಂಗಳಿಗೊಂದು ವ್ಯಾಟ್ 100 ಫಾರಂ ತುಂಬಿ ತುಂಬಿ ಅದು ಬಾಯಿಪಾಠವಾಗಿತ್ತು. ನಾಲ್ಕೇ ತಿಂಗಳಿಗೆ, 2017ರ ಜುಲೈ 1ಕ್ಕೆ ಅದರ ಜಾಗದಲ್ಲಿ ಜಿಎಸ್‌ಟಿ ಬಂತು. ಎಂಟು ವರ್ಷದ ವಿದ್ಯೆ ರದ್ದಾದ ಸಾವಿರದ ನೋಟಿನಂತಾಯಿತು. ಪುಣ್ಯಕ್ಕೆ ನಮ್ಮ ಬೀದಿಯಲ್ಲಿ ಒಬ್ಬರು ಮಂಡಕ್ಕಿ, ಸೇವು, ಖಾರದ ಸಗಟು ವ್ಯಾಪಾರ ಮಾಡುತ್ತಾರೆ. ಅವರಿಗೂ ಜಿಎಸ್‌ಟಿ ಅಂದರೆ ಕಗ್ಗಂಟು. ಅವ್ವ ಮಲಗಿದ ಮೇಲೆ ಅವರ ಬಿಲ್ಲುಗಳನ್ನು ಹರಡಿಕೊಂಡು ನಾನೇ ಕಲಿತೆ. ತಿಂಗಳ 20ರೊಳಗೆ ಹಿಂದಿನ ತಿಂಗಳ ಲೆಕ್ಕದ 3ಬಿ ರಿಟರ್ನ್ ಹಾಕಲೇಬೇಕಿತ್ತು. ಕೊನೇ ದಿನ ಸೈಟು ನಿಂತುಬಿಡುತ್ತಿತ್ತು. 2022ರ ಜುಲೈ 18ರಂದು ಹೊಸ ನಿಯಮ ಬಂತು. ಚೀಲದಿಂದ ತೂಗಿ ಕೊಡುವ ಮಂಡಕ್ಕಿಗೆ ತೆರಿಗೆ ಇಲ್ಲ, ಅದೇ ಮಂಡಕ್ಕಿಯನ್ನು ಮೊದಲೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ ಶೇ 5. ಇದನ್ನು ಅವರಿಗೆ ತಿಳಿಸಿ ಹೇಳಲು ಎರಡು ಸಂಜೆ ಬೇಕಾದವು. ಫೀಸು ಅಂತ ನಾನು ಕೇಳಿದ್ದಿಲ್ಲ. ಹಬ್ಬಕ್ಕೊಂದು ಚೀಲ ಮಂಡಕ್ಕಿ ಬರುತ್ತಿತ್ತು.

2022ರ ನವೆಂಬರಿನಲ್ಲಿ ಅವ್ವ ಹೋದಳು. ಸಂಕ್ರಾಂತಿ ಕಳೆದ ಮೇಲೆ ಕೆಲಸ ಹುಡುಕಲು ಶುರು ಮಾಡಿದೆ. ಆಗ ನಾನೂ ನಿಮ್ಮ ಪುಟದವರು ಹೇಳಿದ್ದನ್ನೇ ಮಾಡಿದ್ದೆ. '2009–2017' ಅಂತ ಬರೆದು ಮುಂದಿನದನ್ನು ಖಾಲಿ ಬಿಟ್ಟೆ. ಖಾಲಿ ಜಾಗ ಕಂಡರೆ ಜನ ಕೆಟ್ಟದ್ದನ್ನೇ ತುಂಬಿಕೊಳ್ಳುತ್ತಾರೆ. ಹುಬ್ಬಳ್ಳಿಯಲ್ಲಿ ಒಬ್ಬರು ಮೆತ್ತಗೆ ಕೇಳಿದರು, "ಏನಾದ್ರೂ ಕೇಸು ಗೀಸು ಇತ್ತೇನ್ರೀ?" ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ವಿಡಿಯೊ ಕಾಲ್‌ನಲ್ಲಿ ವಿಷಯ ಕೇಳಿ, "ಮನೇಲಿ ಹೆಂಗಸರು ಯಾರೂ ಇರ್ಲಿಲ್ವಾ?" ಅಂದರು. ಕೇಳಿದವರೂ ಹೆಂಗಸೇ. ಇದ್ದರು ಮೇಡಂ, ಶಾಲೆಗೆ ಹೋಗುತ್ತಿದ್ದರು ಅಂದೆ. ಅವರು ನಕ್ಕರು. ಮತ್ತೆ ಫೋನ್ ಬರಲಿಲ್ಲ.

ಗಂಡಸಾದ ನನಗೆ ಈ ಪ್ರಶ್ನೆ ಹೊಸದು. ಹೆಣ್ಣುಮಕ್ಕಳಿಗೆ ಇದು ಮಾಮೂಲು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88. ಹೆಚ್ಚು ಗ್ಯಾಪ್ ಯಾರ ರೆಸ್ಯೂಮೆಯಲ್ಲಿರುತ್ತದೆ ಅಂತ ಬೇರೆ ಹೇಳಬೇಕೇ?

ಇಷ್ಟರಲ್ಲಿ ಒಬ್ಬ ಕನ್ಸಲ್ಟೆನ್ಸಿಯವನು ಗಂಟುಬಿದ್ದ. ನಾಲ್ಕು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್, ಸ್ಯಾಲರಿ ಸ್ಲಿಪ್ ಎಲ್ಲ ಸೇರಿ 15 ಸಾವಿರ. "ಎಲ್ರೂ ಮಾಡಿಸ್ತಾರೆ ಸರ್." ಎರಡು ದಿನ ಯೋಚಿಸಿದ್ದು ನಿಜ. ತಡೆದದ್ದು ಧರ್ಮಭಯಕ್ಕಿಂತ ಹೆಚ್ಚಾಗಿ ಪಿಎಫ್. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ನಂಬರಿನಡಿ ಯಾವ ಕಂಪನಿಗೆ ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಲ್ಲವೂ ಸಾಲಾಗಿ ಕಾಣುತ್ತದೆ. ಪಾಸ್‌ಬುಕ್ ತೆರೆದರೆ ಯಾವ ತಿಂಗಳು ದುಡ್ಡು ಬಿದ್ದಿದೆ ಅಂತಲೂ ಗೊತ್ತಾಗುತ್ತದೆ. ಎಷ್ಟೋ ಕಂಪನಿಯವರು ಮೊದಲು ನೋಡುವುದೇ ಅದನ್ನು. ಲೆಟರಿನಲ್ಲಿ ನಾಲ್ಕು ವರ್ಷ, ಪಾಸ್‌ಬುಕ್ಕಿನಲ್ಲಿ ಸೊನ್ನೆ. ಲೆಕ್ಕ ಬರೆಯುವ ಕೆಲಸಕ್ಕೆ ಅರ್ಜಿ ಹಾಕುವವನು ಇಂಥ ತಾಳೆಯಾಗದ ಲೆಕ್ಕ ತೋರಿಸಬಹುದೇ?

ಪಿಎಫ್ ನೋಡಲು ಹೋಗಿದ್ದೇ ಒಳ್ಳೆಯದಾಯಿತು. ನನ್ನ ಹಳೇ ಕಂಪನಿಯವರು ನಾನು ಬಿಟ್ಟ ದಿನಾಂಕವನ್ನೇ ತುಂಬಿರಲಿಲ್ಲ. ದಾಖಲೆಯ ಪ್ರಕಾರ ನಾನಿನ್ನೂ ಹರಿಹರದಲ್ಲೇ ಕೆಲಸದಲ್ಲಿದ್ದೆ! ನಾನು ಮನೆಯಲ್ಲಿದ್ದೆ ಅಂದರೆ ಯಾರು ನಂಬುತ್ತಾರೆ? 2020ರಿಂದ ಇದನ್ನು ನಾವೇ ಸರಿಮಾಡಿಕೊಳ್ಳಬಹುದು. ಕೊನೆಯ ಕಂತು ಬಿದ್ದು ಎರಡು ತಿಂಗಳಾಗಿರಬೇಕು. ಪಿಎಫ್ ಸೈಟಿನಲ್ಲಿ 'ಮಾರ್ಕ್ ಎಕ್ಸಿಟ್'ಗೆ ಹೋಗಿ, ಆ ಕೊನೆಯ ಕಂತಿನ ತಿಂಗಳೊಳಗಿನ ದಿನಾಂಕ ಹಾಕಿ, ಆಧಾರ್ ಒಟಿಪಿ ಕೊಟ್ಟರೆ ಮುಗಿಯಿತು. ದಿನಾಂಕ ಮಾತ್ರ ನೋಡಿಕೊಂಡು ಹಾಕಿ. ನಿಮ್ಮ ಉದ್ಯೋಗ ಪುಟದವರು ಇಂಥದ್ದನ್ನು ಬರೆದರೆ ಹತ್ತು ಜನಕ್ಕೆ ಉಪಯೋಗ.

ಆಮೇಲೆ ರೆಸ್ಯೂಮೆ ಹೊಸದಾಗಿ ಬರೆದೆ. ಉಳಿದ ಕೆಲಸಗಳ ಸಾಲಿನಲ್ಲೇ ಇದನ್ನೂ ಸೇರಿಸಿದೆ: 'ಮಾರ್ಚ್ 2017 – ನವೆಂಬರ್ 2022: ಲಕ್ವದಿಂದ ಹಾಸಿಗೆ ಹಿಡಿದ ತಾಯಿಯ ಆರೈಕೆ. ಜೊತೆಗೆ ಒಂದು ಸಗಟು ಅಂಗಡಿಯ ಜಿಎಸ್‌ಟಿ ರಿಟರ್ನ್, ಸಂಬಳವಿಲ್ಲದೆ.' ಎರಡೇ ಸಾಲು. ಹೆಂಡತಿ ಓದಿ, ಮೊದಲೇ ಹೀಗೆ ಬರೆಯೋಕೆ ಏನಾಗಿತ್ತು ಅಂದಳು.

ಅದನ್ನು ಹಿಡಿದುಕೊಂಡು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಹೋದೆ. ಅಲ್ಲಿನ ಹಿರಿಯ ಅಕೌಂಟೆಂಟ್ ಆ ಎರಡು ಸಾಲು ಓದಿದರು. "ತಾಯಿ ಈಗ?" ಅಂದರು. ಹೇಳಿದೆ. ಒಂದು ನಿಮಿಷ ಸುಮ್ನೆ ಕೂತರು. ಆಮೇಲೆ ಕೇಳಿದ ಪ್ರಶ್ನೆ ಇದು: "ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ. ಅದನ್ನು ತುಂಬೋ ಚೀಲಕ್ಕೆ ನಾವು ಕಟ್ಟಿರ್ತೀವಿ. ಆ ಕ್ರೆಡಿಟ್ ಏನು ಮಾಡ್ತೀರಿ?" (ಕ್ರೆಡಿಟ್ ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುವುದು.) ಸಿಗಲ್ಲ ಸರ್, ಮಾಲಿಗೆ ತೆರಿಗೆ ಇಲ್ಲದ ಮೇಲೆ ಅದನ್ನು ಖರ್ಚಿಗೆ ಹಾಕಬೇಕು ಅಂದೆ. ಮಂಡಕ್ಕಿ ಅಂಗಡಿಯಲ್ಲಿ ಈ ಪಾಠ ಆಗಿತ್ತಲ್ಲ. ಇನ್ನೂ ಅರ್ಧ ಗಂಟೆ ಬರೀ ಕೆಲಸದ ಮಾತು. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ನಾಲ್ಕು ಎಂಟ್ರಿ ಹಾಕಿಸಿದರು. ಹೊಸ ಟ್ಯಾಲಿ ಪ್ರೈಮ್ ನನಗೆ ಅಷ್ಟು ಕೈಗೆ ಹತ್ತಿರಲಿಲ್ಲ, ಎರಡು ಕಡೆ ತಡವರಿಸಿದೆ. ಸಂಬಳ 2017ರಲ್ಲಿ ಬಿಟ್ಟಾಗ ಇದ್ದಷ್ಟೇ ಕೊಟ್ಟರು. ಅದು ಬೇಸರವೇ, ಸುಳ್ಳೇಕೆ. ಆದರೂ 2023ರ ಆಗಸ್ಟ್ 1ಕ್ಕೆ ಸೇರಿಕೊಂಡೆ.

ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತದೆ. ವಯಸ್ಸಾದ ತಂದೆತಾಯಿಯನ್ನು ಬೀದಿಗೆ ಬಿಟ್ಟರೆ 2007ರ ಕಾಯ್ದೆಯಡಿ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5 ಸಾವಿರ ರೂಪಾಯಿವರೆಗೆ ದಂಡ, ಎರಡನ್ನೂ ಹಾಕಬಹುದು. ಬಿಡದೆ ನೋಡಿಕೊಂಡವನಿಗೆ ಎಚ್‌ಆರ್ ಮುಂದೆ ಕೈಕಟ್ಟಿ ನಿಲ್ಲುವ ಶಿಕ್ಷೆ.

ಕಂಪನಿಗಳವರಿಗೆ ನಾನು ಕೇಳುವುದು ಸಣ್ಣದು. ಒಂದು ಅರ್ಜಿಯಲ್ಲಿ ಗ್ಯಾಪ್‌ಗೆ ಕಾರಣ ಆರಿಸಿ ಅಂತ ಪಟ್ಟಿ ಕೊಟ್ಟಿದ್ದರು: ಓದು, ಅನಾರೋಗ್ಯ, ಹೆರಿಗೆ, ಇತರೆ. ನಾನು 'ಇತರೆ' ಒತ್ತಿದೆ. ಆ ಪಟ್ಟಿಗೆ 'ಮನೆಯವರ ಆರೈಕೆ' ಅಂತ ಇನ್ನೊಂದು ಸಾಲು ಸೇರಿಸಿ.

– ಒಬ್ಬ ಅಕೌಂಟೆಂಟ್, ದಾವಣಗೆರೆ