ಫ್ಯಾನ್ ಕೊಟ್ಟವರ ಹೆಸರುಂಟು, ಮಿಲಿಟ್ರಿಗೆ ಹೋದವರದ್ದಿಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಸಂಘದ ಹಾಲ್ ಮೊನ್ನೆ ರಿಪೇರಿ ಆಯ್ತು, ಗೋಡೆಗೆ ಹೊಸ ಗ್ರಾನೈಟ್ ಕೂರಿಸಿ ಫ್ಯಾನ್ ಕೊಟ್ಟವರು, ಕುರ್ಚಿ ಕೊಟ್ಟವರು ಎಲ್ಲರ ಹೆಸರು ಕೆತ್ತಿಸಿದ್ದಾರೆ, ಜಾಸ್ತಿ ಕೊಟ್ಟವರದ್ದು ದೊಡ್ಡ ಅಕ್ಷರ. ಇದೇ ಸಂಘದಿಂದ ಮಿಲಿಟ್ರಿಗೆ ಹೋದವ್ರು ಐದಾರು ಜನ ಇದ್ದಾರೆ, ಅವರದ್ದು ಒಂದು ಗೆರೆ ಸಹ ಇಲ್ಲ.

ಮಗಳು ಮೆಲ್ಬರ್ನಲ್ಲಿರುದು, ಕಳೆದ ವರ್ಷ ಹೋದಾಗ ಅಲ್ಲಿ ಒಂದು ಸಣ್ಣ ಮ್ಯೂಸಿಯಂನಲ್ಲಿ ಆಡ್‌ಫೆಲೋಸ್ ಲಾಡ್ಜ್‌ನವರ ಒಂದು ಮರದ ಹಲಗೆ ನೋಡಿದೆ, ಯುದ್ಧಕ್ಕೆ ಹೋದ ಸದಸ್ಯರ ಹೆಸರು ಬರೆದದ್ದು (ಲಾಡ್ಜ್ ಅಂದ್ರೆ ಅಲ್ಲಿ ಸಂಘದ ಶಾಖೆ, ನಮ್ಮ ಬಸ್‌ಸ್ಟ್ಯಾಂಡ್ ಹತ್ರದ್ದಲ್ಲ ಮಾರಾಯ್ರೆ). ಆಡ್‌ಫೆಲೋಸ್, ಫಾರೆಸ್ಟರ್ಸ್, ಕುಡಿತ ಬಿಟ್ಟವರದ್ದೇ ಆದ ರೆಕಬೈಟ್ಸ್, ಹೀಗೆ ಸುಮಾರು ಸಂಘ ಇದ್ವು, ಸದಸ್ಯರು ವಂತಿಗೆ ಹಾಕುದು, ಹಾಸಿಗೆ ಹಿಡಿದ್ರೆ ದುಡ್ಡು, ಡಾಕ್ಟರ್ ಖರ್ಚು, ಸತ್ರೆ ಮಣ್ಣು ಮಾಡ್ಲಿಕ್ಕೂ ಹಣ. ಕಪ್ಪಾದ ಮರ, ಚಿನ್ನದ ಬಣ್ಣದ ಅಕ್ಷರ, ಕೆಲವು ಹೆಸರಿನ ಪಕ್ಕ ಸಣ್ಣ ಶಿಲುಬೆ. ಶಿಲುಬೆ ಇದ್ದವರು ವಾಪಸ್ ಬರ್ಲಿಲ್ಲ, ಉಳಿದವರು ಬಂದವರು, ಬದುಕಿ ಬಂದವರ ಹೆಸರೂ ಬರೆದಿದ್ದಾರೆ ನೋಡಿ. ಯಾಕಂದ್ರೆ ಆ 1914ರ ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಹೋದವರೆಲ್ಲ ತಾವಾಗಿ ಹೋದವರೇ, ಕಡ್ಡಾಯ ಮಾಡ್ಲಿಕ್ಕೆ 1916ರಲ್ಲಿ ಒಮ್ಮೆ 1917ರಲ್ಲಿ ಒಮ್ಮೆ ಜನರ ವೋಟು ಕೇಳಿದ್ರು, ಎರಡು ಸಲವೂ ಜನ ಬೇಡ ಅಂದ್ರು. ಸತ್ತವರು ಸುಮಾರು 60,000.

ನನಗೆ ಅದಕ್ಕಿಂತ ಹೆಚ್ಚು ನಾಟಿದ್ದು ವಂತಿಗೆ ಸಂಗತಿ. ಹುಡುಗ ಯುದ್ಧದಲ್ಲಿದ್ರೆ ವಾರದ ವಂತಿಗೆ ಕಟ್ಟುದು ಹೇಗೆ, ಬಾಕಿ ಬಿದ್ರೆ ಸದಸ್ಯತ್ವ ಹೋಯ್ತು, ಅವ ಅಲ್ಲಿ ಸತ್ರೆ ಮನೆಯವರಿಗೆ ಎಂತದೂ ಇಲ್ಲ. ಅದಕ್ಕೆ ಎಷ್ಟೋ ಲಾಡ್ಜ್‌ಗಳಲ್ಲಿ ಊರಲ್ಲಿ ಉಳಿದವರೇ ಹೋದವರ ಪಾಲನ್ನೂ ತುಂಬಿದ್ರು.

ನಮ್ಮಲ್ಲಿ? ನಮ್ಮ ಚಿಕ್ಕಪ್ಪ 1971ರಲ್ಲಿ ಗಡಿಯಲ್ಲಿದ್ರು, ಆ ವರ್ಷದ ಚಂದಾ ಬರ್ಲಿಲ್ಲ ಅಂತ ಸಂಘದ ಪುಸ್ತಕದಲ್ಲಿ ಅವರ ಹೆಸರಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ, ನಾನೇ ನೋಡಿದ್ದೇನೆ. ಹತ್ತು ಜನ ಸೇರಿ ಪೈಸೆ ಕೂಡಿಸುದು ನಮ್ಮೂರಿಗೆ ಹೊಸತಾ? ಕೆನರಾ ಬ್ಯಾಂಕ್ 1906ರಲ್ಲಿ ಇದೇ ಮಂಗಳೂರಲ್ಲಿ ಫಂಡ್ ಅಂತಲೇ ಶುರುವಾದದ್ದು.

ಕದ್ರಿಯಲ್ಲಿ ಯುದ್ಧ ಸ್ಮಾರಕ ಉಂಟಲ್ವಾ ಅಂತ ಕೇಳ್ಬಹುದು. ಉಂಟು, ಆದ್ರೆ ಅದು ಎಲ್ಲರದ್ದು, ಸಂಘದ ಲೆಕ್ಕ ಸಂಘದವರೇ ಇಡ್ಬೇಕು. ಗ್ರಾನೈಟ್ ಬೇಡ, ಹಲಸಿನ ಒಂದು ಹಲಗೆ ಸಾಕು, ಸತ್ತವರು ಬಂದವರು ಎಲ್ಲರ ಹೆಸರು ಬರಿಲಿ. ಚಿಕ್ಕಪ್ಪನ 1971ರ ಬಾಕಿ ಎಷ್ಟು ಅಂತ ಹೇಳಿದ್ರೆ ನಾನು ಕಟ್ತೇನೆ, ರಶೀದಿ ಅವರ ಹೆಸರಲ್ಲೇ ಕೊಡಿ.

ಇತಿ,
ನಿಮ್ಮ ಓದುಗ, ಮಂಗಳೂರು