ಅಣಬೆ ಕೋಣೆಯ ಮಶೀನು ಮೊದಲು ನಮ್ಮ ಮಳೆಗಾಲ ಪಾಸಾಗ್ಲಿ

ಸಂಪಾದಕರಿಗೆ ನಮಸ್ಕಾರ,

ಸ್ಮಾರ್ಟ್ ಅಣಬೆ ಕೋಣೆ, ಮಣ್ಣಿಲ್ಲದೆ ಸೊಪ್ಪು, ಎಲ್ಲಾ ಮೊಬೈಲಲ್ಲೇ ಕಂಟ್ರೋಲು, ಈ ಥರದ ಸುದ್ದಿ ಈಗ ಪೇಪರಲ್ಲಿ ಆಗಾಗ ಬರ್ತಾ ಇದೆ, ಓದಿ ಖುಷೀನೂ ಆಗ್ತದೆ, ಎಂತಕ್ಕೆ ಅಂದ್ರೆ ನಮ್ಮ ಕಡೆ ಅಡಿಕೆಗೆ ಕೊಳೆ, ಅದು ಬಿಟ್ರೆ ಎಲೆಚುಕ್ಕಿ, ಎರಡೂ ತಪ್ಪಿದ್ರೆ ಮಂಗ ಅಂತ ಆದ್ಮೇಲೆ ನಾಲ್ಕು ಗೋಡೆ ಒಳಗೆ ಬೆಳೆಯೋ ಬೆಳೆ ಯಾರಿಗೆ ಬೇಡ ಹೇಳಿ. ನಾನು ಉತ್ತರ ಕನ್ನಡದ ಶಿರಸಿ ತಾಲೂಕಿನ ಹಳ್ಳಿಯವನು, ವೈರಿಂಗು ಮೋಟಾರ್ ರಿಪೇರಿ ನನ್ನ ಕೆಲ್ಸ, ಮನೆಯವಳು ಮತ್ತೆ ಅವಳ ಸಂಘದವರು ಹಳೇ ಕೊಟ್ಟಿಗೆಯಲ್ಲಿ ಬೇಯಿಸಿದ ಹುಲ್ಲನ್ನ ಚೀಲಕ್ಕೆ ತುಂಬಿ, ಅಣಬೆ ಬೀಜ ಹಾಕಿ ಚಿಪ್ಪಣಬೆ ಬೆಳೀತಾರೆ, ಹಾಗಾಗಿ ಸುತ್ತಮುತ್ತ ಯಾರ ಅಣಬೆ ಕೋಣೆಯ ಮಶೀನು ಹಟ ಹಿಡಿದ್ರೂ ಫೋನು ನನಗೇ ಬರೋದು. ಮಶೀನು ಅಂದ್ರೆ ಕೋಣೆಯ ತೇವ ಅಳೆದು ಫ್ಯಾನು, ಮಂಜು ಹೊಡೆಯೋ ಫಾಗರು ತಾನೇ ಓಡಿಸೋ ಕಂಟ್ರೋಲ್ ಡಬ್ಬಿ. ಆ ಡಬ್ಬಿಗಳ ಹೊಟ್ಟೆ ಬಿಚ್ಚಿ ನೋಡಿದವನಾಗಿ ಒಂದು ಮಾತು ಹೇಳ್ಬೇಕು ಅನ್ನಿಸ್ತು. ಸರ್ಕಾರದ ದುಡ್ಡು, ಬ್ಯಾಂಕಿನ ಸಾಲ ಇಂಥ ಮಶೀನಿಗೆ ಹೋಗೋ ಮುಂಚೆ ಅದನ್ನ ಒಂದು ಪೂರ್ತಿ ಮಳೆಗಾಲ ನಮ್ಮ ಜಿಲ್ಲೆಯಲ್ಲೇ ಓಡಿಸಿ ನೋಡ್ಲಿ.

ತೇವದ ವಿಷಯದಿಂದ ಶುರು ಮಾಡ್ತೆ. ಚಿಪ್ಪಣಬೆ ಮೊಗ್ಗು ಒಡೆಯೋ ಹೊತ್ತಿಗೆ ಕೋಣೆ ಗಾಳಿಯಲ್ಲಿ ಶೇ. 80ರಿಂದ 90 ತೇವ ಇರ್ಬೇಕು, ಉಷ್ಣತೆ 20ರಿಂದ 30 ಡಿಗ್ರಿ ಒಳಗೆ. ಕಂಪನಿಯವರ ಡಬ್ಬಿ ಹೆಚ್ಚಾಗಿ ಬಯಲುಸೀಮೆ ಲೆಕ್ಕದ್ದು, ಅಲ್ಲಿ ಗಾಳಿ ಒಣ, ಅದಕ್ಕೇ ಡಬ್ಬಿಯ ಮುಖ್ಯ ಕೆಲ್ಸ ಮಂಜು ಹೊಡೆಯೋದು, ತೇವ ಕಮ್ಮಿ ಆದ್ರೆ ಫಾಗರ್ ಆನ್, ಜಾಸ್ತಿ ಆದ್ರೆ ಆಫ್, ಮುಗೀತು. ನಮ್ಮಲ್ಲಿ ಆರಿದ್ರಾ ಮಳೆ ಹಿಡಿತು ಅಂದ್ರೆ ಚೌತಿ ಬರೋವರೆಗೂ ಗೋಡೆಯೇ ಬೆವರ್ತದೆ, ಟ್ರಂಕಿನೊಳಗಿನ ಸೀರೆಗೂ ಬೂಷ್ಟು, ಆಗ ಫಾಗರಿಗೆ ಎಂತ ಕೆಲ್ಸ? ಆ ತಿಂಗಳುಗಳಲ್ಲಿ ಕೋಣೆಗೆ ಬೇಕಾದ್ದು ಗಾಳಿ ಬದಲಾವಣೆ. ಅಣಬೆ ಗಿಡದ ಥರ ಅಲ್ಲ, ಆಮ್ಲಜನಕ ತಗೊಂಡು ಕಾರ್ಬನ್ ಡೈಆಕ್ಸೈಡ್ ಬಿಡ್ತದೆ, ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420) ಹತ್ರ ಇದ್ರೆ ಮುಚ್ಚಿದ ಕೋಣೆಯಲ್ಲಿ ನೋಡ್ತಾ ನೋಡ್ತಾ ಸಾವಿರ ದಾಟ್ತದೆ, ದಾಟಿದ್ಮೇಲೆ ದಂಟು ಉದ್ದ ಆಗಿ ಮೇಲಿನ ಕೊಡೆ ಬಟನ್ನಿನಷ್ಟೇ ಉಳೀತದೆ. ಅಂಥ ಅಣಬೆಯನ್ನ ಶಿರಸಿ ಪೇಟೆಯಲ್ಲಿ ಯಾರೂ ಮೂಸಿ ನೋಡೋದಿಲ್ಲ. ಬೆಳೆದವರು ಬೀಜ ಸರಿ ಇಲ್ಲ ಅಂತಾರೆ, ಬೀಜ ಕೊಟ್ಟವರು ನೀವು ಹುಲ್ಲು ಸರಿ ಬೇಯಿಸ್ಲಿಲ್ಲ ಅಂತಾರೆ, ಫ್ಯಾನು ಮಾತ್ರ ಸುಮ್ನೆ ನಿಂತಿರ್ತದೆ ಯಾಕಂದ್ರೆ ಡಬ್ಬಿಗೆ ಗೊತ್ತಿರೋದು ತೇವ ಒಂದೇ.

ಕೆಲವು ಡಬ್ಬಿಯಲ್ಲಿ ಗಾಳಿ ಸೆನ್ಸರೂ ಇದೆ ಅಂತ ತೋರಿಸ್ತಾರೆ, ಬಿಚ್ಚಿದ್ರೆ ಎಂಕ್ಯೂ 135. ಅದು ಹೊಗೆ, ಅಮೋನಿಯಾ, ಆಲ್ಕೋಹಾಲ್ ಆವಿ ಗುರುತಿಸೋ ಅಗ್ಗದ ಸಾಮಾನು, ಕಾರ್ಬನ್ ಡೈಆಕ್ಸೈಡ್ ಅಳತೆಗೆ ನಂಬೋ ಹಾಗಿಲ್ಲ. ಅದಕ್ಕೆ ಬೇಕಾದ್ದು ಇನ್ಫ್ರಾರೆಡ್ ಬೆಳಕಲ್ಲಿ ಅಳೆಯೋ ಎಂಎಚ್ ಜಡ್ 19 ಥರದ್ದು, ಅದರಲ್ಲೂ ಒಂದು ಗುಟ್ಟಿದೆ, ಆ ಸೆನ್ಸರು ದಿನಕ್ಕೊಮ್ಮೆ ಆದ್ರೂ ಹೊರಗಿನ ಶುದ್ಧ ಗಾಳಿ ಸಿಗ್ತದೆ ಅಂತ ನಂಬಿ, ತಾನು ಕಂಡ ಅತಿ ಕಮ್ಮಿ ಲೆಕ್ಕವನ್ನೇ 400 ಅಂತ ತಿದ್ದಿಕೊಳ್ತದೆ. ಆಫೀಸು ಶಾಲೆಗೆ ಅದು ಸರಿ, ರಾತ್ರಿ ಖಾಲಿ ಇರ್ತವೆ. ಅಣಬೆ ಕೋಣೆ ರಾತ್ರಿಯೂ ಉಸಿರಾಡ್ತದಲ್ಲ, ಹಾಗಾಗಿ ದಿನ ಹೋದ ಹಾಗೆ ಸೆನ್ಸರ್ ಸುಳ್ಳು ಹೇಳೋಕೆ ಶುರು ಮಾಡ್ತದೆ, 900 ಇದ್ದದ್ದನ್ನ 500 ಅಂತದೆ. ಈ ತಾನೇ ತಿದ್ದಿಕೊಳ್ಳೋ ಗುಣವನ್ನ ಪ್ರೋಗ್ರಾಮಲ್ಲಿ ಆಫ್ ಮಾಡಿಡ್ಬೇಕು. ಮಾರೋಕೆ ಬಂದ ಹುಡುಗರಿಗೆ ಕೇಳಿದ್ರೆ ಆ್ಯಪ್ ಬಣ್ಣ ತೋರಿಸ್ತಾರೆ ಅಷ್ಟೇ. ಅದೆಲ್ಲಾ ಬೇಡಪ್ಪಾ ಅನ್ನೋರು ಟೈಮರ್ ಇಟ್ಟು ಗಂಟೆಗೆ ಇಷ್ಟು ನಿಮಿಷ ಅಂತ ಫ್ಯಾನ್ ಓಡಿಸ್ಲಿ, ಸುಳ್ಳು ಸೆನ್ಸರಿಗಿಂತ ಎಷ್ಟೋ ವಾಸಿ.

ತೇವದ ಸೆನ್ಸರ್ ಕಥೆ ಇನ್ನೂ ಮಜಾ. ನೀಲಿ ಬಣ್ಣದ ಡಿಎಚ್‌ಟಿ 11, ನೂರಿನ್ನೂರು ರೂಪಾಯಿಗೆ ಸಿಗ್ತದೆ, ಕಾಲೇಜು ಮಕ್ಕಳ ಪ್ರಾಜೆಕ್ಟಲ್ಲೆಲ್ಲಾ ಅದೇ. ತಯಾರಕರ ಕಾಗದದಲ್ಲೇ ಬರೆದಿರ್ತದೆ, ಅದು ಅಳೆಯೋದು ಶೇ. 90ರವರೆಗೆ, ತಪ್ಪು ಆಚೆ 5 ಈಚೆ 5. ಅಂದ್ರೆ ಅಣಬೆಗೆ ಎಲ್ಲಿ ಅಳತೆ ಬೇಕೋ ಅಲ್ಲೇ ಇದರ ಯೋಗ್ಯತೆ ಮುಗಿದೋಗ್ತದೆ ಮಾರಾಯ್ರೆ! ಬಿಳಿ ಡಿಎಚ್‌ಟಿ 22 ನೂರರವರೆಗೂ ಅಳೀತದೆ ಹೌದು, ಆದ್ರೆ ಮಂಜು ನೇರ ಕೂತ್ರೆ 99.9ಕ್ಕೆ ಹೋಗಿ ಅಲ್ಲೇ ಕೂರ್ತದೆ. ಎಸ್‌ಎಚ್‌ಟಿ 31 ಅಂತ ಒಂದಿದೆ, ಒಳಗೇ ಪುಟ್ಟ ಹೀಟರು ಇರ್ತದೆ, ನೀರಿಳಿದ್ರೆ ಒಣಗಿಸಿಕೊಳ್ಳಬಹುದು, ಮೇಲೆ ಫಿಲ್ಟರ್ ಟೊಪ್ಪಿ ಇರೋದನ್ನೇ ತಗೊಳ್ಳಿ. ರೇಟು ಸ್ವಲ್ಪ ಜಾಸ್ತಿ, ಆದ್ರೆ ಪೂರ್ತಿ ಡಬ್ಬಿಗೆ ಕಂಪನಿ ಹೇಳೋ ರೇಟಲ್ಲಿ ಅದು ಲೆಕ್ಕಕ್ಕೇ ಇಲ್ಲ, ಆದ್ರೂ ಹಾಕೋದಿಲ್ಲ.

ನಿಮ್ಮ ಮನೇ ಸೆನ್ಸರ್ ಸರಿ ಇದ್ಯಾ ನೋಡ್ಬೇಕು ಅಂದ್ರೆ ಯಾವ ಲ್ಯಾಬೂ ಬೇಡ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಹಸಿ ಮರಳಿನ ಹದಕ್ಕೆ ಬರೋಷ್ಟು ಮಾತ್ರ ನೀರು ಹನಿಸಿ, ಉಪ್ಪು ಪೂರ್ತಿ ಕರಗ್ಬಾರ್ದು, ಅದನ್ನ ಮತ್ತೆ ಸೆನ್ಸರನ್ನ ಗಾಳಿ ಆಡದ ಡಬ್ಬಿಯಲ್ಲಿ ಮುಚ್ಚಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ, ಸೆನ್ಸರ್ ಶೇ. 75 ತೋರಿಸ್ಬೇಕು. 68 ಅಂದ್ರೆ 7 ಕೂಡಿಸ್ಕೊಳ್ಳಿ, 90ರ ಆಸುಪಾಸಲ್ಲೂ ಅಷ್ಟೇ ತಪ್ಪು ಅಂತ ಇಲ್ಲ, ಆದ್ರೂ ಒಂದು ಅಂದಾಜು ಸಿಗ್ತದೆ. ಇದಕ್ಕೆ ಪ್ಯಾಕೆಟ್ಟಿನ ಪುಡಿ ಉಪ್ಪೇ ಬೇಕು, ನಮ್ಮ ಸಾಣೀಕಟ್ಟೆ ಹರಳುಪ್ಪು ಬೇಡ, ಸಮುದ್ರದ ಉಪ್ಪಲ್ಲಿ ಮೆಗ್ನೀಷಿಯಂ ಇರ್ತದೆ, ಲೆಕ್ಕ ಕೆಳಗೆ ಜಾರ್ತದೆ. ಅದು ಉಪ್ಪಿನಕಾಯಿಗೆ ಇರ್ಲಿ.

ಈಗ ಕರೆಂಟು. ಕೈಗಾದಲ್ಲಿ 220 ಮೆಗಾವಾಟಿನ 4 ಘಟಕ, ಕಾಳಿ ನದಿಗೆ ಒಂದರ ಕೆಳಗೊಂದು ಅಣೆಕಟ್ಟು, ಶರಾವತಿಯಲ್ಲಿ ಗೇರುಸೊಪ್ಪ, ಇಷ್ಟೆಲ್ಲಾ ಹೊತ್ತ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ರೆ ಹಳ್ಳಿ ಮನೆಗೆ ಎರಡು ದಿನ ಕತ್ತಲೆ, ಆ ಕಥೆ ಬೇರೆ ಪತ್ರಕ್ಕೆ. ಮಶೀನಿಗೆ ಸಂಬಂಧ ಪಟ್ಟದ್ದು ಏನಂದ್ರೆ ಕರೆಂಟು ಹೋದಾಗ ಏನಾಗ್ತದೆ ಅನ್ನೋದಕ್ಕಿಂತ ಬಂದಾಗ ಏನಾಗ್ತದೆ ಅನ್ನೋದನ್ನ ನೋಡ್ಬೇಕು. ಒಳಗೆ ಡಬ್ಬಿಯ ಮಿದುಳಿನ ಹಾಗಿರೋ ಇಎಸ್‌ಪಿ 32 ಬೋರ್ಡು ಒಳ್ಳೇದೇ, ನಾನೂ ಅದನ್ನೇ ಬಳಸೋದು, ಆದ್ರೆ ಅದಕ್ಕೆ ಸ್ವಂತ ಗಡಿಯಾರ ನೆಟ್ಟಗೆ ಇಲ್ಲ, ಕರೆಂಟು ಬಂದ ಕೂಡ್ಲೆ ಇಂಟರ್ನೆಟ್ಟಲ್ಲಿ ಟೈಮ್ ಕೇಳ್ತದೆ. ಇಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮಲಗ್ತದೆ, ನೆಟ್ಟು ಇಲ್ಲ, ಡಬ್ಬಿಗೆ ಮಧ್ಯಾಹ್ನವೋ ಮಧ್ಯರಾತ್ರಿಯೋ ಗೊತ್ತಿಲ್ಲ, ಕೆಲವು ಅಂತೂ ನೆಟ್ಟು ಸಿಗೋವರೆಗೂ ಏನೂ ಮಾಡದೆ ನೀಲಿ ಲೈಟು ಮಿಟುಕಿಸ್ತಾ ಕೂರ್ತವೆ. ಒಂದು ಡಿಎಸ್ 3231 ಗಡಿಯಾರದ ಚಿಪ್ಪು, ಅದಕ್ಕೊಂದು ಗುಂಡು ಬ್ಯಾಟರಿ, ಇಷ್ಟಿದ್ರೆ ತಾಪತ್ರಯವೇ ಇಲ್ಲ. ಫ್ಯಾನು, ಫಾಗರು ಯಾವಾಗ ಓಡ್ಬೇಕು ಅನ್ನೋ ತೀರ್ಮಾನ ಡಬ್ಬಿಯೊಳಗೇ ಆಗ್ಬೇಕು, ಮೊಬೈಲು ಬರೀ ನೋಡೋಕೆ. ನಮ್ಮ ಕೊಟ್ಟಿಗೆ ಫ್ಯಾನ್ ಓಡ್ಸೋ ಲೆಕ್ಕ ಬೆಂಗಳೂರೋ ಸಿಂಗಾಪುರವೋ ಎಲ್ಲೋ ಇರೋ ಕಂಪ್ಯೂಟರ್ ಹಾಕ್ಬೇಕು ಅಂದ್ರೆ, ಆ ಕಂಪನಿ ನಾಳೆ ಬಾಗಿಲು ಹಾಕಿದ್ರೆ ನಮ್ಮ ಡಬ್ಬಿ ಗೋಡೆಯ ಅಲಂಕಾರ.

ಬೇಸಿಗೆಯಲ್ಲಿ ಇದು ಇನ್ನೂ ಸೂಕ್ಷ್ಮ. ಬೀಜ ಹಬ್ಬೋ ಹೊತ್ತಿಗೆ ಚೀಲದೊಳಗೆ ತನ್ನಿಂದ ತಾನೇ ಸೆಕೆ ಹುಟ್ತದೆ, ಏಪ್ರಿಲಲ್ಲಿ ಕೋಣೆ ಗಾಳಿ 32 ಇದ್ರೆ ಚೀಲದ ನಡುವೆ ಅದಕ್ಕಿಂತ ಮೇಲೆ. ಅದಕ್ಕೇ ಬೇಸಿಗೆಗೆ ಹಾಲಣಬೆ ಹಾಕಿ ಅನ್ನೋದು, ಅದು 35ರ ತನಕ ತಡೀತದೆ. ಮಶೀನು ಇದೆ ಅಂತ ಏಪ್ರಿಲಲ್ಲಿ ಚಿಪ್ಪಣಬೆಗೆ ಏಸಿ ಹಾಕೋರು ಕರೆಂಟು ಬಿಲ್ಲು ನೋಡಿ ಮಾತಾಡ್ಲಿ. ನಮ್ಮ ಹಿರಿಯರ ಗೋಣಿತಾಟು ಒದ್ದೆ ಮಾಡಿ ನೇತು ಹಾಕೋ ಉಪಾಯ ಶಿರಸಿಯ ಒಣ ಮಧ್ಯಾಹ್ನಕ್ಕೆ ಈಗಲೂ ನಡೀತದೆ, ಮಶೀನು ಬರೀ ಆ ಗೋಣಿಗೆ ನೀರು ಬಿಟ್ರೂ ಸಾಕು.

ಘಟ್ಟದ ಕೆಳಗಿನವರಿಗೆ ಬೇರೆ ಗೋಳು. ಕಾರವಾರ, ಅಂಕೋಲಾ, ಕುಮಟಾ ಕಡೆ ತೇವ ವರ್ಷಪೂರ್ತಿ ಇದ್ದದ್ದೇ, ಜೊತೆಗೆ ಉಪ್ಪುಗಾಳಿ, ರಿಲೇ ಕಾಂಟಾಕ್ಟು, ಸೋಲ್ಡರು, ಪಿನ್ನು ಎಲ್ಲಾ ಹಸಿರು ಹಿಡೀತದೆ. ಮೋಟಾರ್ ವೈಂಡಿಂಗಿಗೆ ನಾವು ವಾರ್ನಿಶ್ ಹಾಕೋ ಹಾಗೆ ಬೋರ್ಡಿಗೂ ಹಚ್ಚೋ ಲೇಪ ಬರ್ತದೆ, ಸೆನ್ಸರ್ ಬಿಟ್ಟು ಬೇರೆ ಎಲ್ಲಾದಕ್ಕೂ ಅದು ಇರ್ಲೇಬೇಕು, ನಾನು ಬಿಚ್ಚಿದ್ದರಲ್ಲಿ ಅದು ಕಂಡದ್ದೇ ಅಪರೂಪ.

ಹೈಡ್ರೋಪೋನಿಕ್ಸ್, ಅಂದ್ರೆ ಮಣ್ಣಿಲ್ಲದೆ ನೀರಲ್ಲೇ ಸೊಪ್ಪು ಬೆಳೆಯೋದರ ಬಗ್ಗೆ ನಂದು ಕಮ್ಮಿ ಅನುಭವ, ಆದ್ರೆ ನೀರಿನ ವಿಷಯ ಹೇಳಲೇಬೇಕು. ತಾನೇ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) ನೋಡಿ ಆಸಿಡ್ ಹಾಕೋ ಡೋಸಿಂಗ್ ಯಂತ್ರಗಳು ಬೋರ್‌ವೆಲ್ಲಿನ ಗಡಸು ನೀರಿಗೆ ಹೊಂದಿಸಿದ್ದು. ಗುಡ್ಡದಿಂದ ಇಳಿದು ಬರೋ ನಮ್ಮ ಅಬ್ಬಿ ನೀರು ಮೆದು, ಅದರಲ್ಲಿ ಆಸಿಡ್ ತಡೆಯೋ ಸುಣ್ಣದ ಅಂಶ ಇರೋದೇ ಕಮ್ಮಿ, ಅಲ್ಲಿ ಒಂದು ಚಿಟಿಕೆ ಜಾಸ್ತಿ ಬಿದ್ರೆ 6ರಲ್ಲಿ ಇರ್ಬೇಕಾದ ಪಿಎಚ್ ಎಲ್ಲಿಗೋ ಇಳೀತದೆ. ಪೈಪಲ್ಲಿ ತೆಳ್ಳಗೆ ನೀರು ಹರಿಸೋ ಪದ್ಧತಿಯಲ್ಲಿ ಪಂಪು ನಿಂತ್ರೆ ಬೇರು ಒಣಗೋಕೆ ಕೆಲವೇ ಗಂಟೆ ಸಾಕು, ನಮ್ಮ ಕರೆಂಟಿಗೆ ಬೇರು ನೀರಲ್ಲೇ ಮುಳುಗಿರೋ ತೊಟ್ಟಿ ಪದ್ಧತಿಯೇ ಸರಿ.

ಮಶೀನೇ ಬೇಡ ಅಂತ ನಾನು ಹೇಳ್ತಾ ಇಲ್ಲ, ನಮ್ಮ ಕೊಟ್ಟಿಗೆಯಲ್ಲೂ ಇದೆ. ಮನೆಯವಳು ಹಾಲು ಡೇರಿಗೆ ಹಾಕಿ, ಸಂಘದ ಮೀಟಿಂಗು ಮುಗಿಸಿ ಬರೋವರೆಗೆ ಫ್ಯಾನು ಯಾರು ನೋಡ್ಕೊಳ್ಳೋದು ಅನ್ನೋ ಚಿಂತೆ ತಪ್ಪಿದ್ದು ಅದರಿಂದಲೇ. ಹೊರೆ ಕಮ್ಮಿ ಆಗೋದು ನಿಜ. ಆದ್ರೆ ಮಶೀನು ಮಾಡದ ಕೆಲ್ಸವೂ ಇದೆ, ಹುಲ್ಲು ಸರಿ ಬೇಯದಿದ್ರೆ ಹಸಿರು ಬೂಷ್ಟು ಬರೋದನ್ನ ಯಾವ ಸೆನ್ಸರೂ ತಡೆಯೋದಿಲ್ಲ, ಒಳ್ಳೇ ಬೀಜಕ್ಕೆ ಇನ್ನೂ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕಡೆ ಮುಖ ಮಾಡ್ಬೇಕು, ಕೊಯ್ದ ಅಣಬೆ ಒಂದೆರಡು ದಿನದಲ್ಲಿ ಬಾಡೋದ್ರೊಳಗೆ ಗೋಕರ್ಣದ ಹೋಟೆಲ್ಲಿಗೋ ಕಾರವಾರ ಪೇಟೆಗೋ ಮುಟ್ಟಿಸ್ಬೇಕು. ಅಡಿಕೆ ಹಾಳೆ, ಗೊನೆ ಕಸದ ಮೇಲೂ ಚಿಪ್ಪಣಬೆ ಬರ್ತದೆ ಅಂತ ಸಿಪಿಸಿಆರ್‌ಐನವರು (ಅಡಿಕೆ, ತೆಂಗಿನ ಕೇಂದ್ರ ಸಂಶೋಧನಾ ಸಂಸ್ಥೆಯವರು) ಎಂದೋ ತೋರಿಸಿಕೊಟ್ಟಿದ್ದಾರೆ, ಭತ್ತದ ಹುಲ್ಲು ದುಬಾರಿ ಆದ ನಮಗೆ ಡಬ್ಬಿಗಿಂತ ಮೊದಲು ಅದರ ತರಬೇತಿ ಬೇಕು.

ಈಗ ನಡೀತಿರೋದು ಹೇಗೆ ಅಂದ್ರೆ, ಅಣಬೆ ಘಟಕದ ಸಹಾಯಧನ ಬ್ಯಾಂಕ್ ಸಾಲಕ್ಕೆ ಗಂಟು ಬಿದ್ದದ್ದು, ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟು, ಕೊಟೇಶನ್ನು ಬೇಕು, ಕೊಟೇಶನ್ ಕೊಡೋ ಕಂಪನಿಯೇ ರಿಪೋರ್ಟನ್ನೂ ಬರೆದು ಕೊಡ್ತದೆ, ಅದರಲ್ಲಿ ಮಶೀನು ದೊಡ್ಡದೇ ಇರ್ತದೆ. ಕೆಟ್ರೆ ಡಬ್ಬಿ ಪೂರ್ತಿ ಬಿಚ್ಚಿ ಕೊರಿಯರ್ ಮಾಡಿ ಅಂತಾರೆ, ಒಳಗೆ ಕಪ್ಪು ಅಂಟು ಸುರಿದಿರ್ತಾರೆ, ಯಾವ ವೈರು ಎಲ್ಲಿಗೆ ಅಂತ ಒಂದು ಕಾಗದ ಇರೋದಿಲ್ಲ, ಬೆಳೆ ನಿಲ್ಲಿಸಿ ಕಾಯೋರು ನಾವು.

ಶಿರಸಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಅರಣ್ಯ ಮಹಾವಿದ್ಯಾಲಯ ಇದೆ, ಕಾರವಾರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಐಟಿಐಗಳಿವೆ. ಇವರೆಲ್ಲಾ ಸೇರಿ ಘಟ್ಟದ ಮೇಲೊಂದು ಕೆಳಗೊಂದು ಸಣ್ಣ ಕೋಣೆ ಮಾಡಿ, ಮಾರೋಕೆ ಬರೋ ಕಂಪನಿಗಳ ಡಬ್ಬಿಯನ್ನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಓಡಿಸಿ, ಎಷ್ಟು ಸಲ ಕೆಟ್ಟಿತು, ನೆಟ್ಟಿಲ್ಲದೆ ಓಡಿತಾ, ಸೆನ್ಸರ್ ಎಷ್ಟು ತಪ್ಪು ಹೇಳಿತು ಅಂತ ಕನ್ನಡದಲ್ಲಿ ಒಂದು ಪುಟ ಬರೆದು ನೋಟೀಸ್ ಬೋರ್ಡಿಗೆ ಅಂಟಿಸ್ಲಿ. ಪಾಸಾದ ಡಬ್ಬಿಗೆ ಮಾತ್ರ ಸಹಾಯಧನ, ಅದೂ ಸರ್ಕ್ಯೂಟ್ ನಕ್ಷೆ ಜೊತೆಗೆ ಕೊಟ್ರೆ. ಐಟಿಐ ಮುಗಿಸಿದ ಹುಡುಗರು ಆ ನಕ್ಷೆ ಹಿಡ್ಕೊಂಡು ರಿಪೇರಿ ಕಲಿತ್ರೆ ಹುಬ್ಬಳ್ಳಿ ಬಸ್ ಹತ್ತೋದು ಒಂದಿಷ್ಟು ಕಮ್ಮಿ ಆದೀತು. ಜಿಲ್ಲಾ ಪಂಚಾಯತಿಯವರು, ತೋಟಗಾರಿಕೆ ಇಲಾಖೆಯವರು ಇದಕ್ಕೆ ಏನಂತಾರೆ ಅಂತ ನಿಮ್ಮ ವರದಿಗಾರರು ಕೇಳಿ ಬರೆದ್ರೆ ಉಪಕಾರ ಆಗ್ತದೆ.

ಇನ್ನೊಂದು, ಇದು ಇವತ್ತೇ ಮಾಡೋ ಕೆಲ್ಸ. ಅಣಬೆ ಕೋಣೆ ಅಂದ್ರೆ ಒದ್ದೆ ನೆಲ, ಒದ್ದೆ ಗೋಡೆ, ಬರಿಗಾಲಲ್ಲಿ ಓಡಾಡೋ ಹೆಂಗಸರು. ಅಂಥಲ್ಲಿ ಬಾತ್‌ರೂಮಿನ ಪ್ಲಗ್ಗಿಂದ ಉದ್ದ ವೈರು ಎಳೆದು ಫಾಗರ್ ಓಡಿಸೋರನ್ನ ನಾನು ದಿನಾ ನೋಡ್ತೆ. ಸರಿಯಾದ ಅರ್ಥಿಂಗು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನೇ ಬಂದ್ ಆಗೋ ಸ್ವಿಚ್ಚು) ಹಾಕಿಸ್ಕೊಳ್ಳದೆ ಯಾವ ಮಶೀನಿಗೂ ಪ್ಲಗ್ ಚುಚ್ಚಬೇಡಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗ್ತದಾ ನೋಡಿ.

ಇತಿ,
ಒಬ್ಬ ವೈರಿಂಗ್ ಕೆಲ್ಸದವ, ಶಿರಸಿ ತಾಲೂಕು